ಹೋಳಿಗೆ ಉಂಡ ಕೌದಿ

ಸೀಗಿ ಹುಣ್ಣಿಮೆ ಮುಗಿದ ಮೂರನೆಯ ದಿನ ನಮ್ಮೂರ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಒಂದು ಗಂಟು ತಂದು ನಮ್ಮ ಪಡಸಾಲೆಯಲ್ಲಿ ಇಟ್ಟರು. ಬಿಚ್ಚಲಿಲ್ಲ. ಅದರ ಮೇಲೆ ಕೈ ಇಟ್ಟುಕೊಂಡು ಕೂತರು. ಅವರು ಕುಂದಗೋಳದಿಂದ ದಿನಾ ಬಸ್ಸಿಗೆ ಬಂದು ಹೋಗುವವರು, ನನಗಿಂತ ನಾಲ್ಕಾರು ವರ್ಷ ಚಿಕ್ಕವರು. ಅವರ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು.

"ಅವ್ವನ ಸೀರಿ ಅದಾವ್ರಿ ವೈನಿ. ಏಳು. ಒಂದ ಕೌದಿ ಹೊಲದ ಕೊಡ್ರಿ," ಎಂದರು.

"ಅದಕ್ಕೇನ್ರಿ ಅಕ್ಕೋರ. ನಾಳೆ ಬಿಸಿನೀರಾಗ ನೆನಸಿ, ಒಗದು, ಒಣಗಿಸಿ ಶುರು ಮಾಡ್ತೀನಿ."

"ಒಗೀಬ್ಯಾಡ್ರಿ."

ನಾನು ಕೌದಿ ಹೊಲೆಯುವವಳು. ಹಳೆಯ ಸೀರೆಯನ್ನು ಒಗೆದು ಎರಡು ಬಿಸಿಲು ತೋರಿಸದೆ ಕತ್ತರಿ ಹಾಕಿದವಳಲ್ಲ. ಹಾಗೆಂದು ಹೇಳಿದೆ ಕೂಡ. ಅಕ್ಕೋರು ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಅವ್ವನ ವಾಸನಿ ಇನ್ನೂ ಐತ್ರಿ ಇದರಾಗ. ಅದು ಹೋದ್ರ ನನಗ ಕೌದಿ ಯಾಕ ಬೇಕ್ರಿ? ಅಂಗಡ್ಯಾಗ ಚಾದರ ಸಿಗತಾವು. ಉಳದ ಸೀರಿ ಎಲ್ಲಾ ಬೀಗರು-ಬಿಜ್ಜರಿಗೆ ಹಂಚಿ ಆತು. ಇವು ಏಳಽ ಉಳದಾವ."

ಅವರು ಹೋದ ಮೇಲೆ ಬಿಚ್ಚಿ ನೋಡಿದೆ. ಕೊಬ್ಬರಿ ಎಣ್ಣೆ, ವಿಭೂತಿ, ಎಲೆ-ಅಡಿಕೆ, ಮೊಣಕಾಲಿಗೆ ಹಚ್ಚುವ ಯಾವುದೋ ಔಷಧಿ, ಇವೆಲ್ಲ ಸೇರಿ ಒಬ್ಬ ಹೆಂಗಸಾಗಿ ಗಂಟಿನಿಂದ ಎದ್ದು ಬಂದಂತಾಯಿತು. ಕಣ್ಣು ಮಬ್ಬಾದರೂ ಮೂಗು ಚುರುಕಾಗಿರುವ ನಮ್ಮ ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು: "ಯಾರ ಬಂದಾರ ಬೇ?"

ನನಗೆ ಅಂದಿನಿಂದಲೇ ಚಿಂತೆ ಹತ್ತಿತು. ಚಿಂತೆ ಮಾಡುವುದರಲ್ಲಿ ನಾನು ಪಳಗಿದವಳು. ಮಳೆ ಬಂದರೆ ನಮ್ಮ ಮಣ್ಣಿನ ಮಾಳಿಗೆ ಸೋರೀತೆಂದು, ಬಾರದಿದ್ದರೆ ಬಿರಿದೀತೆಂದು, ಬಸ್ಸು ಸರಿಯಾದ ಹೊತ್ತಿಗೆ ಬಂದರೆ ಇವತ್ತೇಕೆ ಹೀಗೆ ಬಂತೆಂದು. ಈ ಸಲ ಚಿಂತೆ ವಾಸನೆಯದು. ಬಿಸಿಲಿಗೆ ಹಾಕಿದರೆ ಹಾರೀತು, ಮುಚ್ಚಿಟ್ಟರೆ ಮುಗ್ಗೀತು, ಅಡುಗೆಮನೆಯ ಒಗ್ಗರಣೆ ಹತ್ತೀತು, ನನ್ನ ಕೈಯ ಬೆವರು ಮೆತ್ತೀತು. ಹೊಲೆಯಲು ಕೂರುವ ಮುಂಚೆ ಕೈ ತೊಳೆದು ಬೂದಿ ತಿಕ್ಕಿ ಮತ್ತೆ ತೊಳೆಯತೊಡಗಿದೆ. "ಆಪರೇಶನ್ ಮಾಡಾಕ ಹೊಂಟ್ಯೇನು?" ಎಂದು ನಮ್ಮ ಮನೆಯವರು ನಕ್ಕರು.

ಇಲಿಯ ಚಿಂತೆ ಮಾತ್ರ ನನ್ನ ಪಟ್ಟಿಯಲ್ಲಿರಲಿಲ್ಲ.

ಕೆಳಗೆ ಗಟ್ಟಿಯಾದ ಎರಡು ಸೀರೆ ಹಾಸಿದೆ. ನಡುವಿನ ಪದರಕ್ಕೆ ಸವೆದು ಹೋದ ಮೂರು. ಮೇಲಿನ ಪದರಕ್ಕೆ ಉಳಿದೆರಡನ್ನು ಗೇಣುದ್ದದ ಚೌಕಗಳಾಗಿ ಕತ್ತರಿಸಿದೆ: ಒಂದು ಕಂದು ಬಣ್ಣದ್ದು, ಇನ್ನೊಂದು ಹಸಿರು ಇಳಕಲ್ ಸೀರೆ. ಹಸಿರು ಸೀರೆಯ ಸೆರಗನ್ನು ಕತ್ತರಿಸದೆ ನಡುಮಧ್ಯಕ್ಕೆ ಇಟ್ಟೆ. ನಮ್ಮ ಕಡೆ ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಗೆ ಬರುತ್ತದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ಅರ್ಧ ಬೆರಳಿನ ಅಂತರ. ಆರು ಪದರ ಚುಚ್ಚಿ ಸೂಜಿ ಆಚೆ ಬರುವಷ್ಟರಲ್ಲಿ ಬೆರಳಿನ ತುದಿ ಜುಮ್ಮೆನ್ನುತ್ತದೆ. ದಿನಕ್ಕೆ ಮೂರು ಸುತ್ತಾದರೆ ಪುಣ್ಯ.

ಎಂಟನೆಯ ದಿನ ಬೆಳಗ್ಗೆ ಕೌದಿ ಬಿಡಿಸಿದರೆ ಮಡಿಕೆಯಲ್ಲಿ ಕರಿ ಕಾಳು ಬಿದ್ದಿದ್ದವು.

ಅತ್ತೆ ಸವರಿ ನೋಡಿ, "ಎಳ್ಳ ಚೆಲ್ಲ್ಯಾವಲ್ಲ ಬೇ," ಎಂದರು.

"ಎಳ್ಳಲ್ರಿ ಅತ್ತಿ. ಕೈ ತೊಳಕೊಳ್ರಿ."

ಅದು ಶೇಂಗಾ ಕಿತ್ತು ಮನೆಗೆ ತರುವ ಹೊತ್ತು. ಹೊಲ ಖಾಲಿಯಾದರೆ ಹೊಲದಲ್ಲಿದ್ದ ಇಲಿಗಳೂ ಚೀಲದ ಹಿಂದೆಯೇ ಊರಿಗೆ ಬರುತ್ತವೆ. ನಮ್ಮ ಒಳಗಿನ ಕೋಣೆಯಲ್ಲಿ ಹನ್ನೊಂದು ಚೀಲ ಶೇಂಗಾ, ಅದರ ಬಾಜು ಜೋಳ, ಜೋಳದ ಮುಂದೆ ನಾನು, ನನ್ನ ತೊಡೆಯ ಮೇಲೆ ಅಕ್ಕೋರ ತಾಯಿ. ಇಲಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆಂದರೂ ನನ್ನಿಂದ ಕಟ್ಟಿಕೊಡಲಾಗುತ್ತಿರಲಿಲ್ಲ.

ನಮ್ಮ ಮನೆಯವರಿಗೆ ಇದು ದೊಡ್ಡ ಸಂಗತಿಯಲ್ಲ. "ಸಂತ್ಯಾಗ ಇಲಿ ಪಾಷಾಣ ಸಿಗತೈತಿ. ಹಿಟ್ಟಿನಾಗ ಕಲಸಿ ಇಟ್ರ ಮುಗೀತು."

"ಬ್ಯಾಡ್ರಿ. ವಿಷ ತಿಂದದ್ದು ಗ್ವಾಡಿ ಒಳಗ ಹೋಗಿ ಸತ್ರ? ಹದಿನೈದ ದಿನ ನಾತ. ಆ ನಾತ ಸೀರಿಗೆ ಹತ್ತಿದ್ರ ಅಕ್ಕೋರಿಗೆ ಏನ್ ಹೇಳ್ಲಿ?"

"ಹಂಗಾರ ನೀನಽ ಕುಂತು ಬುದ್ಧಿ ಹೇಳು ಇಲಿಗೆ."

ಮೊದಲು ಅಂಟಿನ ಹಲಗೆ ತಂದರು. ಒಳಕೋಣೆಯ ಹೊಸ್ತಿಲ ಬಳಿ ಇಟ್ಟೆವು. ಬೆಳಗ್ಗೆ ನೀರು ಕಾಸಲು ಎದ್ದ ಅತ್ತೆ ಅದರ ಮೇಲೆ ಕಾಲಿಟ್ಟರು. ಶೇಂಗಾ ಎಣ್ಣೆ ಹಾಕಿ ಅಂಗಾಲು ತಿಕ್ಕಿ ತಿಕ್ಕಿ ಬಿಡಿಸುವಷ್ಟರಲ್ಲಿ ಬಸ್ಸು ಬಂದು ಹೋಗಿತ್ತು. "ನಿನ್ನ ಇಲಿ ಸಿಕ್ಕೈತಿ ನೋಡಪಾ, ಎಪ್ಪತ್ತೆಂಟು ವರ್ಷದ್ದು," ಎಂದು ಅತ್ತೆ ಮಗನನ್ನು ಬೈದು ಹಲಗೆಯನ್ನು ತಿಪ್ಪೆಗೆ ಎಸೆಸಿದರು.

ಆಮೇಲೆ ಕಿರಾಣಿ ಅಂಗಡಿಯವರಿಂದ ಬೋನು ಕೇಳಿ ತಂದೆವು. ಹಳೆಯ ಕಟ್ಟಿಗೆಯದು, ಬಾಗಿಲು ಬಿದ್ದರೆ ಓಣಿಗೆಲ್ಲ ಕೇಳುವಂಥದ್ದು. ಹಸಿ ಕೊಬ್ಬರಿ ಇಟ್ಟರೆ ಮೂಸಿ ಹೋದವು. ಅತ್ತೆ ಹೇಳಿದಂತೆ ಒಣಕೊಬ್ಬರಿಯನ್ನು ಕೆಂಡದಲ್ಲಿ ಸುಟ್ಟು, ಕೊಕ್ಕೆಗೆ ದಾರದಿಂದ ಬಿಗಿದು ಕಟ್ಟಿದೆವು. ಬಿಗಿದು ಕಟ್ಟದಿದ್ದರೆ ಬಾಗಿಲು ಬೀಳಿಸದೆ ಕಿತ್ತುಕೊಂಡು ಹೋಗುವಷ್ಟು ಜಾಣತನ ಅವಕ್ಕಿದೆ. ಮರುದಿನ ಒಂದು ಬಿತ್ತು. ಹನ್ನೆರಡು ದಿನದಲ್ಲಿ ಏಳು. ಪ್ರತಿ ಸಲ ಇಲಿ ಬಿದ್ದ ಬೋನನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹೂಡುತ್ತಿದ್ದೆ. ಹಿಂದಿನದರ ಭಯದ ವಾಸನೆ ಇದ್ದರೆ ಮುಂದಿನದು ಹತ್ತಿರ ಸುಳಿಯುವುದಿಲ್ಲ. ಕೊಲ್ಲಲು ಮನಸ್ಸಾಗದೆ, ಕುಬಿಹಾಳದ ದಾರಿಯ ಹಳ್ಳದ ಆಚೆ ಬಿಟ್ಟು ಬರ್ರಿ ಎಂದು ಮನೆಯವರನ್ನು ಕಳಿಸುತ್ತಿದ್ದೆ. ಅವರು ಹಳ್ಳದವರೆಗೆ ಹೋಗುತ್ತಿದ್ದರೋ, ಓಣಿಯ ತಿರುವಿನಲ್ಲೇ ಬಿಡುತ್ತಿದ್ದರೋ ನಾನು ಕೇಳಲಿಲ್ಲ. ಇಷ್ಟು ಬೇಗ ತಿರುಗಿ ಬಂದರಲ್ಲ ಎಂದು ಚಿಂತೆ ಮಾತ್ರ ಮಾಡಿದೆ.

ಗೋಡೆಯ ಬುಡ ನಾನೇ ನೋಡಿಕೊಂಡೆ. ಕಿರುಬೆರಳು ಹೋಗುವ ಕಿಂಡಿಯಲ್ಲಿ ಇಲಿ ಹೋಗುತ್ತದೆ. ಹಾಗಾಗಿ ಕಿರುಬೆರಳನ್ನೇ ಅಳತೆಗೋಲು ಮಾಡಿಕೊಂಡು ಇಡೀ ಮನೆಯ ಗೋಡೆಗೆ ಚುಚ್ಚುತ್ತ ಹೋದೆ. ಹದಿನಾಲ್ಕು ಕಿಂಡಿ. ಒಂದೊಂದಕ್ಕೂ ಬಾಟಲಿಯ ಚೂರು ತುರುಕಿ ಸಿಮೆಂಟು ಮೆತ್ತಿದೆ. ಕೌದಿಯನ್ನು ನೆಲದ ಮೇಲೆ ಇಡುವುದನ್ನು ಬಿಟ್ಟು, ದಿನದ ಹೊಲಿಗೆ ಮುಗಿದ ಕೂಡಲೇ ಧೋತರದಲ್ಲಿ ಸುತ್ತಿ ತೊಲೆಗೆ ತೂಗುಹಾಕಿದೆ. ಇಲಿ ಹಗ್ಗ ಇಳಿದು ಬರಬಾರದೆಂದು ಹಗ್ಗದ ನಡುವೆ ಎರಡು ತೆಂಗಿನ ಚಿಪ್ಪು ಬೋರಲಾಗಿ ಪೋಣಿಸಿದೆ. ಅದರ ಮೇಲೆ ಕಾಲಿಟ್ಟ ಇಲಿ ಜಾರಿ ಕೆಳಗೆ ಬೀಳಲೇಬೇಕು. ಒಂದು ಬಿದ್ದದ್ದೂ ಉಂಟು. ನಮ್ಮ ಮನೆಯವರ ಊಟದ ತಾಟಿನ ಪಕ್ಕಕ್ಕೆ.

ಗೌರಿ ಹುಣ್ಣಿಮೆಯ ಹೊತ್ತಿಗೆ ಐದು ದಿನದಿಂದ ಕರಿ ಕಾಳು ಕಂಡಿರಲಿಲ್ಲ, ಬೋನಿನ ಕೊಬ್ಬರಿ ಹಾಗೆಯೇ ಇತ್ತು. ಗೆದ್ದೆವು ಎಂದು ಬೋನನ್ನು ಅಂಗಡಿಗೆ ಮರಳಿಸಿದೆವು. ಕೌದಿಯ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು.

ಆ ಜಾಗಕ್ಕೆ ನಮ್ಮಲ್ಲಿ ಹೊಟ್ಟೆ ಎನ್ನುತ್ತಾರೆ. ಅದನ್ನು ತುಂಬಿಸದೆ ಕೌದಿಯನ್ನು ಮನೆಯಿಂದ ಕಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆ, ಇಲ್ಲವೇ ರೊಟ್ಟಿಯ ಚೂರು ಒಳಗಿಟ್ಟು ಕೊನೆಯ ಸುತ್ತು ಮುಚ್ಚುತ್ತೇವೆ. ಒಯ್ಯುವವರು ಬಂದು ಕೂತಾಗ, ಅವರ ಕಣ್ಣೆದುರೇ ಮಾಡುವ ಕೆಲಸ ಅದು. ನಾನು ಎರಡು ತಪ್ಪು ಮಾಡಿದೆ. ಅಕ್ಕೋರು ಮರುದಿನವೇ ಬರುತ್ತಾರಲ್ಲ ಎಂದು ಹಬ್ಬದ ದಿನವೇ ಹೊಟ್ಟೆ ತುಂಬಿಸಿದೆ. ಮತ್ತು ಸಕ್ಕರೆ ಇಡಲಿಲ್ಲ. ತುಪ್ಪ ಸವರಿದ ಕಡಲೆಬೇಳೆ ಹೋಳಿಗೆಯ ಕಾಲು ಭಾಗ ಇಟ್ಟೆ.

"ಚಿಟಿಕಿ ಸಕ್ಕರಿ ಸಾಕ ಬೇ," ಎಂದರು ಅತ್ತೆ.

"ಹಬ್ಬದ ದಿನ ಹಿರೇಮನುಷ್ಯಾಳನ್ನ ಬರೇ ಸಕ್ಕರಿ ಮ್ಯಾಲ ಕಳಸೂಣೇನ್ರಿ ಅತ್ತಿ?"

ಅದು ಅವರಿಗೂ ಹೌದೆನಿಸಿತು. ಮುಚ್ಚಿ, ದಾರ ಕಡಿದು, ಎಂದಿನಂತೆ ತೂಗುಹಾಕಲು ಹೊರಟೆ. ಅತ್ತೆ ತಡೆದರು. "ಉಂಡ ಹೊಟ್ಟೀಲೆ ತೂಗಹಾಕ್ತಿ? ಎಂಥಾಕಿ ಬೇ ನೀ. ಮಲಗಸು." ಧೋತರದಲ್ಲಿ ಸುತ್ತಿ ಒಳಕೋಣೆಯ ಹಗ್ಗದ ಹೊರಸಿನ ಮೇಲೆ ಮಲಗಿಸಿದೆ.

ಮರುದಿನ ಅಕ್ಕೋರು ಬರಲಿಲ್ಲ, ಫೋನು ಬಂತು. ಧಾರವಾಡದಲ್ಲಿ ತರಬೇತಿಯಂತೆ, ಹತ್ತು ದಿನ. "ಇರ್ಲಿ ಬಿಡ್ರಿ ವೈನಿ, ನಿಮ್ಮ ಮನ್ಯಾಗ ಇದ್ರ ನನಗ ಚಿಂತಿಲ್ಲ," ಎಂದರು. ಅವರ ಚಿಂತೆಯನ್ನೂ ನಾನೇ ಮಾಡಿದೆ. ಆದರೆ ಯಾವ ಚಿಂತೆ? ಮತ್ತೆ ಮತ್ತೆ ಬಿಡಿಸಿ ನೋಡಿದರೆ ವಾಸನೆ ಹೋದೀತೆಂಬ ಚಿಂತೆ. ಒಂಬತ್ತು ದಿನ ಆ ಧೋತರ ಬಿಚ್ಚಲಿಲ್ಲ. ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದೆ.

ಹತ್ತನೆಯ ದಿನ ಬೆಳಗ್ಗೆ ಬಿಚ್ಚಿದೆ. ಮೇಲಿನಿಂದ ಏನೂ ಇರಲಿಲ್ಲ. ಬಿಡಿಸುತ್ತ ಹೋದಂತೆ ನಡುವಿನ ಮಡಿಕೆಯಿಂದ ಏನೋ ನನ್ನ ಮುಂಗೈ ಮೇಲೆ ಹಾರಿ ಚೀಲಗಳ ಕಡೆ ಓಡಿತು. ಚೀರಿದೆನೋ ಇಲ್ಲವೋ ನೆನಪಿಲ್ಲ. ಧೋತರವನ್ನು ಅಡಿಯಿಂದ ಕಡಿದಿತ್ತು, ಕೌದಿಯ ಹೊಟ್ಟೆ ತೂತಾಗಿತ್ತು. ನನ್ನ ಮುಷ್ಟಿ ಹೋಗುವಷ್ಟು. ಹಸಿರು ಸೆರಗಿನ ಎಳೆಗಳನ್ನು ಹತ್ತಿಯಂತೆ ಹಿಂಜಿ ಗೂಡು ಮಾಡಿತ್ತು. ಗೂಡಿನಲ್ಲಿ ನಾಲ್ಕು ಮರಿ. ಕಣ್ಣು ತೆರೆಯದ, ಕೂದಲಿಲ್ಲದ, ಬೆರಳಿನ ಗೆಣ್ಣಿನಷ್ಟು ಕೆಂಪು ಮರಿಗಳು, ಒಂದರ ಮೇಲೊಂದು. ಹೋಳಿಗೆಯ ಚೂರೂ ಉಳಿದಿರಲಿಲ್ಲ. ಸುತ್ತ ಹಳದಿ ಕಲೆ, ಮೂಗಿಗೆ ಹೊಡೆಯುವ ಇಲಿಯ ಉಚ್ಚೆಯ ನಾತ.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರಿಗಳನ್ನು ಗೂಡಿನ ಎಳೆಗಳ ಸಮೇತ ಒಂದು ಚಿಪ್ಪಿನಲ್ಲಿಟ್ಟು ಹಿತ್ತಲ ಬೇಲಿಯ ಬುಡದಲ್ಲಿ ಇಟ್ಟು ಬಂದೆ. ಮಧ್ಯಾಹ್ನ ಬಟ್ಟೆ ತರಲು ಹೋದಾಗ ಚಿಪ್ಪು ಖಾಲಿಯಿತ್ತು. ತಾಯಿ ಒಯ್ದಿತೋ ಕಾಗೆ ಒಯ್ದಿತೋ. ಎಲ್ಲವನ್ನೂ ಎರಡೆರಡು ಸಲ ನೋಡುವ ನಾನು ಅದನ್ನು ಹುಡುಕಲು ಹೋಗಲಿಲ್ಲ.

ಇನ್ನೊಂದು ದಿನ ಕಳೆದರೆ ಅಕ್ಕೋರು ಬರುವವರಿದ್ದರು. ನಮ್ಮ ಮನೆಯವರು ದಾರಿ ಹೇಳಿದರು: "ಅವ್ವನ ಪೆಟಗ್ಯಾಗ ಅಂಥಾದ ಹಸರ ಸೀರಿ ಐತಿ. ತೇಪಿ ಹಾಕಿ, ಒಗದು ಕೊಡು. ಅವರಿಗೆ ಏನ್ ಗೊತ್ತಾಕ್ಕೈತಿ?"

ಅತ್ತೆ ಪೆಟ್ಟಿಗೆ ತೆರೆದು ತಮ್ಮ ಸೀರೆ ಕೊಟ್ಟರು. ಕೌದಿಯ ಪಕ್ಕ ಹಿಡಿದರೆ ಎರಡೂ ಒಂದೇ ಬಣ್ಣ, ಒಂದೇ ಸವಕಲು. ಗೇಣಗಲ ಕತ್ತರಿಸಿದೆ. ತೂತಿನ ಅಂಚನ್ನು ಒಳಮಡಿಚಿ, ಸೂಜಿಗೆ ಅದೇ ದಾರ ಪೋಣಿಸಿ, ಹಳೆಯ ತೂತುಗಳಲ್ಲೇ ಸೂಜಿ ಹೋಗುವಂತೆ ನಾಲ್ಕು ಹೊಲಿಗೆ ಹಾಕಿದೆ. ಕಾಣುತ್ತಿರಲಿಲ್ಲ. ನಾನೇ ಹೇಳುತ್ತೇನೆ, ಕಾಣುತ್ತಿರಲಿಲ್ಲ. ಅಷ್ಟು ಚೆಂದದ ಕೆಲಸ ಅದಕ್ಕಿಂತ ಮುಂಚೆ ಮಾಡಿರಲಿಲ್ಲ.

ಐದನೆಯದಕ್ಕೆ ಕೈ ನಿಂತಿತು. ಪ್ರಾಮಾಣಿಕಳು ಎಂದುಕೊಳ್ಳಬೇಡಿ. ಬಟ್ಟೆ ಸಿಕ್ಕಿತ್ತು, ದಾರ ಸಿಕ್ಕಿತ್ತು, ವಾಸನೆ ಎಲ್ಲಿಂದ ತರಲಿ? ಇಲಿಯ ಉಚ್ಚೆ ಬಿದ್ದದ್ದನ್ನು ಒಗೆಯದೆ ಯಾರ ಮೈಮೇಲೂ ಹೊದೆಸುವಂತಿಲ್ಲ, ಇಲಿ ಜ್ವರ ಬಂದೀತು. ಒಗೆದರೆ ಸೋಪಿನ ನಾತ ಬರುತ್ತದೆ. ಅಕ್ಕೋರು ಮೊದಲು ಕಣ್ಣಿನಿಂದಲ್ಲ, ಮೂಗಿನಿಂದ ನೋಡುವವರು. ಕೊಬ್ಬರಿ ಎಣ್ಣೆ, ವಿಭೂತಿ ಸವರಿ ಕೊಡಬಹುದು ಎಂಬ ವಿಚಾರವೂ ಬಂತು. ಬಂತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಯಾರದೋ ತಾಯಿಯನ್ನು ನಾನು ಪಡಸಾಲೆಯಲ್ಲಿ ಕೂತು ತಯಾರು ಮಾಡಲು ಹೊರಟಿದ್ದೆ.

ನಾಲ್ಕು ಹೊಲಿಗೆಯನ್ನು ಬಿಚ್ಚಿ ಫೋನು ಮಾಡಿದೆ. "ಅಕ್ಕೋರ, ಕೌದಿ ಕೆಟ್ಟೈತ್ರಿ. ಬಂದು ನೋಡ್ರಿ." "ನಾಳೆ ಆಯತವಾರ, ಬರ್ತೀನ್ರಿ," ಎಂದರು.

ಮೊದಲ ಬಸ್ಸಿಗೆ ಬಂದರು. ನಾನು ಕೌದಿಯನ್ನು ತೂತು ಮೇಲಾಗಿ ಹಾಸಿ ಇಟ್ಟಿದ್ದೆ. ಹೋಳಿಗೆಯಿಂದ ಹಿಡಿದು ಮರಿಗಳವರೆಗೆ ಎಲ್ಲ ಹೇಳಿದೆ. ಅತ್ತೆಯ ಹಸಿರು ಸೀರೆಯ ತುಂಡನ್ನೂ ತೋರಿಸಿದೆ. ಅಕ್ಕೋರು ತೂತಿನೊಳಗೆ ಕೈ ಹಾಕಿ ಪದರ ಪದರ ಮುಟ್ಟಿ ನೋಡಿದರು. ಆಮೇಲೆ ಕೌದಿಯ ಒಂದು ಮೂಲೆ ಎತ್ತಿ ಮುಖಕ್ಕೆ ಹಿಡಿದರು. ಎದ್ದು ಇನ್ನೊಂದು ಮೂಲೆಗೆ ಹೋದರು. ಹೀಗೆ ನಾಲ್ಕೂ ಮೂಲೆ. ನಾನು ಗೋಡೆಗೆ ಒರಗಿ ನಿಂತು, ಒಂದಾದರೂ ಮೂಲೆ ಉಳಿದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಎಲ್ಲಾ ಇಲೀದಽ ಆಗೈತ್ರಿ," ಎಂದರು.

"ನನ್ನ ತಪ್ಪಾತ್ರಿ ಅಕ್ಕೋರ. ಬೈದರ ಬೈರಿ."

"ಬೈದು ಏನ್ ಮಾಡ್ಲಿ ವೈನಿ? ಒಗೀರಿ."

"ಒಗದ್ರ ಇದ್ದದ್ದೂ ಹೊಕ್ಕೈತಿ."

"ಗೊತ್ತೈತ್ರಿ. ಒಗೀರಿ."

ಹಿತ್ತಲಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ಬಿಸಿನೀರು ತುಂಬಿಸಿ ಸೋಪಿನ ಪುಡಿ ಕಲಸಿದೆ. ಕೌದಿ ನೆನೆದರೆ ಇಬ್ಬರೂ ಎತ್ತಲಾರದಷ್ಟು ಭಾರ. ನಾನು ಸೀರೆ ಮೇಲೆ ಕಟ್ಟಿ ದೋಣಿಗಿಳಿದು ತುಳಿಯತೊಡಗಿದೆ. ತುಸು ಹೊತ್ತು ನೋಡಿದ ಅಕ್ಕೋರು ಚಪ್ಪಲಿ ಬಿಟ್ಟು ತಾವೂ ಇಳಿದರು. ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ತುಳಿದೆವು. ಮೊದಲ ನೀರು ಚಹಾದ ಬಣ್ಣ ಬಂತು. ಅದನ್ನು ಬಿಡಲು ನಾನು ಬಟ್ಟೆಯ ಬಿರಡೆಗೆ ಕೈ ಹಾಕಿದಾಗ ಅಕ್ಕೋರು, "ತಡೀರಿ," ಎಂದು ಬಗ್ಗಿ ಆ ನೀರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಬಿರಡೆ ಕಿತ್ತರು. ಮೂರನೆಯ ನೀರು ತಿಳಿಯಾಗಿತ್ತು.

ಆ ದಿನದ ಬಿಸಿಲು ಮತ್ತು ಮರುದಿನದ ಬಿಸಿಲು ಹಿಡಿಯಿತು ಒಣಗಲು. ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ಬಂದು ಕೂತರು. ಅತ್ತೆಯ ಸೀರೆಯ ತುಂಡನ್ನು ಅವರ ಎದುರಿಗೇ ತೂತಿನ ಮೇಲೆ ಇಟ್ಟು, ಯಾವ ದಾರ ಹಾಕಲಿ ಎಂದು ಕೇಳಿದೆ.

"ಯಾವುದಾರ ಹಾಕ್ರಿ. ಮುಚ್ಚಿಡಾಕ ಏನೈತಿ?"

ಬಿಳಿ ದಾರ ಹಾಕಿದೆ. ಮೂರು ಬದಿ ಮುಗಿದಾಗ ಅತ್ತೆ ಗೋಡೆ ಹಿಡಿದುಕೊಂಡು ಬಂದು ಅಂಗೈ ಮುಂದೆ ಮಾಡಿದರು. ಅಂಗೈಯಲ್ಲಿ ಒಂದೇ ಒಂದು ಚಿಟಿಕೆ ಸಕ್ಕರೆ. "ಈ ಸಲ ಇಷ್ಟಽ ಇಡು. ಇವತ್ತಽ ಒಯ್ತಾರಲ್ಲ, ಏನೂ ಆಗಂಗಿಲ್ಲ."

"ಬ್ಯಾಡ್ರಿ ಅಮ್ಮಾ," ಎಂದರು ಅಕ್ಕೋರು.

"ಹಸದ ಕೌದಿ ಒಯ್ಯಬಾರದವಾ."

ಅಕ್ಕೋರು ಕೌದಿಯ ಕಡೆ ನೋಡುತ್ತಲೇ ಹೇಳಿದರು: "ಕಡೀ ಎರಡ ತಿಂಗಳು ಅಕಿಗೆ ಗಂಟಲಾಗ ಇಳೀತಿದ್ದಿಲ್ರಿ. ನಾನು ಬಿಡ್ತಿದ್ದಿಲ್ಲ. ಒಂದ ತುತ್ತು, ಇನ್ನೊಂದ ತುತ್ತು ಅಂತ ಬಾಯಿ ಬಿಡಿಸಿ ಬಿಡಿಸಿ ತುರುಕ್ತಿದ್ದೆ. ಸಾಕು ಅಂತ ಕೈ ಅಡ್ಡ ಹಿಡೀತಿದ್ಲು. ಕೈ ಸರಿಸಿ ತುರುಕ್ತಿದ್ದೆ. ಹೋಗೋ ದಿನಾನೂ ಹಂಗಽ ಮಾಡೀನ್ರಿ. ಇನ್ನ ಸಾಕು."

ಅತ್ತೆ ಅಂಗೈ ಮಡಿಚಿಕೊಂಡು ನಿಂತರು. ಏನು ಮಾಡಬೇಕೆಂದು ನನ್ನ ಕಡೆ ತಿರುಗಿದರು. ಆರಕ್ಕೆ ಕುಂದಗೋಳದ ಬಸ್ಸಿತ್ತು. ಉಳಿದ ಒಂದು ಬದಿಯನ್ನು ಹೊಲಿದೆ, ಗಂಟು ಹಾಕಿ ದಾರ ಕಡಿದೆ. ಒಳಗೆ ಏನೂ ಇಡಲಿಲ್ಲ.